ಸೂಳೆಕೆರೆಯ ಹಳೆಯ ನಾಲೆಗಳೂ ನಮ್ಮ ಸೀಮೆಯ ನೀರಿನ ವ್ಯಾಜ್ಯವೂ

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಗೋಡೆ, ಗೋಪುರಗಳ ಕಥೆಯೊಡನೆ ನಾಡಿನ ಕಥೆಯೂ ಸೇರಬೇಕೆಂಬುದು ನಮ್ಮ ಅಭಿಪ್ರಾಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಅರಸರ ಹೆಸರುಗಳಿಗಿಂತ ಮೊದಲು ಎದುರಾಗುವುದು ನೀರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಒಂದೇ ಜಿಲ್ಲೆಯಾದರೂ ಒಂದು ಕಡೆ ಅಡಿಕೆ ತೋಟ, ಭತ್ತದ ಗದ್ದೆ. ಇನ್ನೊಂದು ಕಡೆ ಮುಗಿಲು ನೋಡುವ ಬೆದ್ದಲು. ವ್ಯಾಜ್ಯದ ಬೀಜ ಅಲ್ಲಿಯೇ ಇದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಸರ್ಕಾರದ ಕಾಗದಪತ್ರಗಳು ಶಾಂತಿಸಾಗರವೆಂದು ಕರೆಯುತ್ತವೆ. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಸೂಳೆಕೆರೆಯೇ. ಶಾಂತವ್ವೆ ಎಂಬ ರಾಜಪುತ್ರಿ ಕೆರೆ ಕಟ್ಟಿಸಲು ಸ್ಥಳ ಬೇಡಿದಳೆಂದೂ, ಆ ಸ್ಥಳದಲ್ಲಿ ವಾಸವಾಗಿದ್ದ ಸೂಳೆಯರು ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ನೆಲ ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಇದು ನಿಜವೋ ಕಥೆಯೋ, ನೆಲ ಬಿಟ್ಟವರ ಹೆಸರನ್ನು ಕೆರೆಗಿಟ್ಟ ಈ ಮರ್ಯಾದೆ ಇಂದಿನ ಯೋಜನೆಗಳಲ್ಲಿ ಕಾಣದು. ಹನ್ನೊಂದು, ಹನ್ನೆರಡನೆಯ ಶತಮಾನದ ಕಾಲದ್ದೆಂದು ಹೇಳಲಾಗುವ ಈ ಕೆರೆಯ ವಿಸ್ತೀರ್ಣ ಸುಮಾರು 6,550 ಎಕರೆ, ಸುತ್ತಳತೆ 40 ಮೈಲಿ. ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವೆ ನುಸುಳುವ ಜಾಗವನ್ನೇ ಹುಡುಕಿ ಏರಿ ಹಾಕಿದ್ದರಿಂದ, ಇಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಬಲು ಗಿಡ್ಡದು. ಏರಿಯ ಎರಡು ತೂಬುಗಳಿಂದ ಸಿದ್ಧನಾಲೆ, ಬಸವನಾಲೆಗಳೆಂಬ ಎರಡು ಕಾಲುವೆಗಳು ಹೊರಟು ಸುಮಾರು 4,700 ಎಕರೆಗೆ ನೀರುಣಿಸುವ ಲೆಕ್ಕವಿದೆ.

ಏರಿ ಶತಮಾನಗಳ ಪ್ರವಾಹವನ್ನು ತಾಳಿ ನಿಂತೀತು, ನಾಲೆ ಹಾಗಲ್ಲ. ಹತ್ತು ವರ್ಷ ಹೂಳೆತ್ತದಿದ್ದರೆ ಜೊಂಡು ಹಬ್ಬುತ್ತದೆ, ದಂಡೆ ಕುಸಿಯುತ್ತದೆ. ಬಳಿಕ ಪಕ್ಕದ ಜಮೀನಿನವನ ನೇಗಿಲು ಒಂದೊಂದೇ ಸಾಲು ಒಳಗೆ ಸರಿಯುತ್ತದೆ. ಹಾಳುಬಿದ್ದ ನಾಲೆಯನ್ನು ಮತ್ತೆ ತೆರೆಯಹೊರಟಾಗ ಎದ್ದು ನಿಲ್ಲುವ ತಕರಾರು ಇದೇ. ಮೇಲಿನವನು ತನ್ನ ಅನುಭವವೆನ್ನುತ್ತಾನೆ, ಕೆಳಗಿನವನು ತನ್ನ ಹಕ್ಕೆನ್ನುತ್ತಾನೆ.

1864ರಿಂದ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು ಈ ಪ್ರಶ್ನೆಯನ್ನು ಇಡೀ ಸಂಸ್ಥಾನಕ್ಕೆ ಅನ್ವಯಿಸಿ ಯೋಚಿಸಿದ್ದರು. ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸ. ಹಳೆಯದನ್ನು ಎಷ್ಟಾದರೂ ಜೀರ್ಣೋದ್ಧಾರ ಮಾಡಬಹುದು, ಹೊಸದನ್ನು ಕಟ್ಟಿದರೆ ಅದೇ ಕಣಿವೆಯ ಕೆಳಗಿನ ಕೆರೆಯ ನೀರು ತಪ್ಪಿ ಹೋಗುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಮಾತಿನ ಎರಡನೆಯ ಭಾಗವನ್ನು ನಾವು ಒಪ್ಪುತ್ತೇವೆ. ಮೊದಲನೆಯದು ಅಷ್ಟು ಸುಲಭವಲ್ಲ. ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸದೂ ಅಲ್ಲ. ಆದಿಕಾಂಡದ 26ನೇ ಅಧ್ಯಾಯದಲ್ಲಿ ಫಿಲಿಷ್ಟಿಯರು ಮುಚ್ಚಿಹಾಕಿದ್ದ ತಂದೆಯ ಕಾಲದ ಬಾವಿಗಳನ್ನು ಇಸಾಕನು ಮತ್ತೆ ತೋಡಿಸಿದನು. ಅವನ ಆಳುಗಳಿಗೆ ಒರತೆ ಸಿಕ್ಕಿದೊಡನೆ ಗೆರಾರಿನ ಕುರುಬರು ಬಂದು ನೀರು ತಮ್ಮದೆಂದರು. ಬಾವಿ ಮುಚ್ಚಿದ್ದಾಗ ಯಾರೂ ಜಗಳವಾಡಿದಂತೆ ಅಲ್ಲಿ ಕಾಣುವುದಿಲ್ಲ.

ಭದ್ರಾ ಯೋಜನೆ ಬಂದ ಮೇಲೆ ನಮ್ಮ ಸೀಮೆಯ ಲೆಕ್ಕವೇ ಬದಲಾಯಿತು. 1947ರಲ್ಲಿ ಆರಂಭವಾದ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿ.ಎಂ.ಸಿ., ಅಚ್ಚುಕಟ್ಟು 1,05,570 ಹೆಕ್ಟೇರ್. ಬಲದಂಡೆ ನಾಲೆಯೂ ಅದರ ದಾವಣಗೆರೆ, ಮಲೇಬೆನ್ನೂರು ಶಾಖೆಗಳೂ ಇಲ್ಲಿಯ ಬದುಕಾದವು. ಸೂಳೆಕೆರೆಗೂ ಭದ್ರೆಯ ನೀರು ಹರಿಯಿತು. ಆದರೆ ಮಲೇಬೆನ್ನೂರು, ಹರಿಹರದ ಕೊನೆ ಭಾಗದ ರೈತರಿಗೆ ನೀರು ತಲುಪುವುದಿಲ್ಲವೆಂಬ ದೂರು ಹಳೆಯದು. ನಾಲೆಯುದ್ದಕ್ಕೂ ಪಂಪ್‌ಸೆಟ್ ಇಟ್ಟು ಅಡಿಕೆ ತೋಟಗಳಿಗೆ ನೀರೆತ್ತುವುದು ಅಕ್ರಮವೆಂದು ಎಲ್ಲರೂ ಬಲ್ಲರು. ತೋಟಕ್ಕೆ ಕೊಡಲಿ ಹಾಕೆನ್ನುವ ಧೈರ್ಯ ಯಾವ ಅಧಿಕಾರಿಗೂ ಇಲ್ಲ. 2023ರ ಬರಗಾಲದಲ್ಲಿ ನೂರು ದಿನ ಸತತ ನೀರು ಬಿಡಬೇಕೋ, ಬಿಟ್ಟು ಬಿಟ್ಟು ಹರಿಸಬೇಕೋ ಎಂಬ ಚರ್ಚೆ ಬೀದಿಗೆ ಬಂದಿತು. 2025ರ ಜೂನ್‌ನಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳ ಗ್ರಾಮಗಳಿಗೆ ಕುಡಿಯುವ ನೀರು ಕೊಂಡೊಯ್ಯಲು ಬಲದಂಡೆ ನಾಲೆಯನ್ನು ಜಲಾಶಯದ ಬುಡದಲ್ಲಿಯೇ ಸೀಳುವ ಕಾಮಗಾರಿ ನಡೆದಾಗ, ದಾವಣಗೆರೆ ಭಾಗದ ರೈತರು ಎದ್ದು ನಿಂತರು. ಬಾಯಾರಿದವನಿಗೆ ನೀರು ಬೇಡವೆಂದು ಅವರಾರೂ ಹೇಳಲಿಲ್ಲ. ನಮ್ಮ ಪಾಲು ಎಷ್ಟು ತಗ್ಗುತ್ತದೆಂದು ಮೊದಲೇ ಕೂರಿಸಿ ಹೇಳಲಿಲ್ಲವೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅದು ನ್ಯಾಯವಾದ ಪ್ರಶ್ನೆಯೆಂದೇ ನಾವು ತಿಳಿಯುತ್ತೇವೆ.

ಹೊನ್ನಾಳಿ ಸೀಮೆಯ ಮೂಲಕ ತುಂಗಾ ಮೇಲ್ದಂಡೆ ಕಾಲುವೆ ಹಾವೇರಿಯ ಕಡೆಗೆ ಹರಿದಿದೆ. ಜಗಳೂರಿನ ಪಾಡೇ ಬೇರೆ. ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿ.ಎಂ.ಸಿ. ನೀರಿನ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅದಕ್ಕೂ ಪಾಲುಂಟು. 2023ರ ಕೇಂದ್ರ ಮುಂಗಡಪತ್ರದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾದುದನ್ನು ಅಲ್ಲಿಯ ರೈತರು ಬಾಯಿಪಾಠ ಹೇಳುತ್ತಾರೆ. ಈ ನಡುವೆ ಸಿರಿಗೆರೆ ತರಳಬಾಳು ಜಗದ್ಗುರುಗಳ ಮುಂದಾಳತ್ವದಲ್ಲಿ, ತುಂಗಭದ್ರೆಯಿಂದ ನೀರೆತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಗೆ ಒತ್ತಾಸೆ ದೊರೆಯಿತು. ಹೊಸ ನಾಲೆಗಿಂತ ಮೊದಲು ಹಳೆಯ ಕೆರೆಗೆ ನೀರು ಬಂದರೆ ಸುತ್ತಲಿನ ಬಾವಿಗಳೂ ಒರತೆ ಕಾಣುತ್ತವೆ.

ಸೂಳೆಕೆರೆಗೇ ಮರಳೋಣ. ಈ ಕೆರೆ ಚಿತ್ರದುರ್ಗ ಪಟ್ಟಣಕ್ಕೂ ಕುಡಿಯುವ ನೀರು ಕೊಡುತ್ತದೆ. ಕೊಡದ ನೀರು ಒಂದು ಕಡೆ, ಗದ್ದೆಯ ನೀರು ಇನ್ನೊಂದು ಕಡೆ. ಅಂಚಿನಲ್ಲಿ ಒತ್ತುವರಿ, ತಳದಲ್ಲಿ ಹೂಳು. ಗಡಿಯನ್ನು ಅಳೆದು ಕಲ್ಲು ನೆಡಬೇಕೆಂದು ಸ್ಥಳೀಯರು ಇತ್ತೀಚಿನ ವರ್ಷಗಳಲ್ಲಿ ಪಟ್ಟುಹಿಡಿದಿದ್ದಾರೆ. ಸಿದ್ಧನಾಲೆ, ಬಸವನಾಲೆಗಳ ದುರಸ್ತಿಗೆ ಹಣ ಬಂದಾಗಲೆಲ್ಲ ಗುತ್ತಿಗೆದಾರನು ಸಿಮೆಂಟಿನ ಲೆಕ್ಕ ಹಾಕುವನು. ಅದಕ್ಕಿಂತ ಮೊದಲು ನೀರುಗಂಟಿಯನ್ನೂ, ನಾಲೆಯ ತಲೆಯವರನ್ನೂ ಬಾಲದವರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ, ಹಳೆಯ ಗ್ರಾಮನಕ್ಷೆಯನ್ನು ಬಿಚ್ಚಿ, ನಾಲೆಯ ಅಗಲ ಎಲ್ಲಿಂದ ಎಲ್ಲಿಯವರೆಗೆಂದು ಹಗ್ಗ ಹಿಡಿದು ಅಳೆಯಬೇಕು. ಒಳಗೆ ಸರಿದ ಸಾಲುಗಳನ್ನು ಗುರುತಿಸಿದ ಮೇಲೆಯೇ ಜಲ್ಲಿ, ಸಿಮೆಂಟು ಇಳಿಯಬೇಕು.