ಕೆಂಪು ಮರಳಿನ ರಹದಾರಿ

ಪಶ್ಚಿಮ ಆಸ್ಟ್ರೇಲಿಯದ ಲಾವರ್ಟನ್ ಎಂಬ ಗಣಿಯೂರಿನಿಂದ ಹೊರಟು, ಗ್ರೇಟ್ ವಿಕ್ಟೋರಿಯ ಮತ್ತು ಗಿಬ್ಸನ್ ಮರುಭೂಮಿಗಳ ನಡುವಣ ಸೀಮೆಯನ್ನು ಹಾದು, ಉಲೂರು ಮಹಾಶಿಲೆಯ ನೆರೆಯ ಯುಲಾರವನ್ನು ಮುಟ್ಟುವ ಗ್ರೇಟ್ ಸೆಂಟ್ರಲ್ ರೋಡ್ 1,100 ಕಿಲೋಮೀಟರಿಗೂ ಮಿಕ್ಕ ಉದ್ದದ ಹಾದಿ; ಅದರ ಬಹುಭಾಗ ಬಹುಕಾಲದಿಂದ ಕೆಂಪು ಮಣ್ಣಿನದೇ. ಅಲ್ಲಿ ವಾಹನ ನಡೆಸಬಯಸುವವನು ನೀರು, ಇಂಧನ, ಹೆಚ್ಚುವರಿ ಟೈರುಗಳನ್ನು ಹೊಂದಿಸಿಕೊಳ್ಳುವುದಕ್ಕೆ ಮುಂಚೆಯೇ ಎರಡು ರಹದಾರಿಗಳನ್ನು ಪಡೆದಿರಬೇಕು: ಪಶ್ಚಿಮ ಆಸ್ಟ್ರೇಲಿಯದ ಭಾಗಕ್ಕೆ ಒಂದು, ಗಡಿಯಾಚೆಯ ನಾರ್ದರ್ನ್ ಟೆರಿಟರಿಯ ಭಾಗಕ್ಕೆ ಸೆಂಟ್ರಲ್ ಲ್ಯಾಂಡ್ ಕೌನ್ಸಿಲಿನಿಂದ ಮತ್ತೊಂದು. ಶುಲ್ಕವಿಲ್ಲ. ಆದರೆ ಪಯಣಿಗರ ಹೆಸರು, ಗಾಡಿಯ ನಂಬರು, ಹೊರಡುವ ದಿನ, ಸೇರುವ ದಿನ ಎಲ್ಲವನ್ನೂ ನಮೂದಿಸಬೇಕು. ಹಾದಿಯನ್ನು ಬಿಟ್ಟು ಒಳದಾರಿ ಹಿಡಿಯಕೂಡದು. ಜನವಸತಿಗಳಿಗೆ ಮದ್ಯ ಒಯ್ಯಕೂಡದು. ಅಲ್ಲಿನವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆಯಕೂಡದು. ರಾತ್ರಿ ಬೀಡುಬಿಡುವುದಾದರೆ ಟ್ಜುಕಯಿರ್ಲ, ವಾರ್ಬರ್ಟನ್, ವಾರಕುರ್ನಗಳ ರೋಡ್‌ಹೌಸುಗಳಲ್ಲೋ, ಅದಕ್ಕೆಂದೇ ಗೊತ್ತುಮಾಡಿದ ಸ್ಥಳಗಳಲ್ಲೋ ಬಿಡಬೇಕು. ಮರಣವೋ ಹಿರಿಯರ ಆಚರಣೆಯೋ ಒದಗಿದಾಗ ಹಾದಿಯನ್ನೇ ಕೆಲಕಾಲ ಮುಚ್ಚುವುದೂ ಉಂಟು.

ಸರ್ಕಾರದ ಹಣದಲ್ಲಿ ಸವರಿದ ಹಾದಿಯಲ್ಲಿ ನಡೆಯಲು ಇನ್ನೊಬ್ಬರ ಅಪ್ಪಣೆಯೇಕೆಂದು ಗೊಣಗುವವರು ಅಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ರಹದಾರಿಯನ್ನು ಈಚಿನ ರಾಜಕಾರಣದ ಸೃಷ್ಟಿಯೆಂದು ಬಗೆಯುವ ಇವರಿಗೆ ಕಾಣದೆಹೋದುದೇನೆಂದರೆ, ಆ ನೆಲದಲ್ಲಿ ಕಾಗದವಷ್ಟೇ ಹೊಸದು, ಕೇಳುವ ಪದ್ಧತಿಯು ಹಾದಿಗಿಂತ ಎಷ್ಟೋ ಹಳೆಯದು ಎಂಬುದು. ಪಶ್ಚಿಮ ಮರುಭೂಮಿಯಲ್ಲಿ ಒಂದು ಬಳಗದವರು ಮತ್ತೊಂದು ಬಳಗದ ನೆಲೆಗೆ ಹೋಗಬೇಕಾದಾಗ, ಬಲು ದೂರದಿಂದಲೇ ಸ್ಪಿನಿಫೆಕ್ಸ್ ಹುಲ್ಲಿಗೆ ಬೆಂಕಿಯಿಟ್ಟು, ಹೊಗೆಯಿಂದ ತಮ್ಮ ಬರವನ್ನು ಅರುಹುತ್ತಿದ್ದರು. ಬೀಡು ಕಣ್ಣಿಗೆ ಬಿದ್ದ ಬಳಿಕವೂ ಒಳನುಗ್ಗದೆ ಕೂಗಳತೆಯ ದೂರದಲ್ಲಿ ನೆಲದ ಮೇಲೆ ಕುಳಿತು, ಒಳಗಿನಿಂದ ಯಾರಾದರೂ ಎದ್ದು ಬಂದು ಕರೆದೊಯ್ಯುವವರೆಗೆ ಕಾಯುತ್ತಿದ್ದರು. ಜಗಲಿಯ ಕೆಳಗೇ ನಿಂತು ಮನೆಯವರನ್ನು ಕೂಗಿ, ಬನ್ನಿರೆಂಬ ಮಾತು ಕೇಳಿದ ಮೇಲೆ ಮೆಟ್ಟಿಲು ಹತ್ತುವ ನಮ್ಮ ಹಳ್ಳಿಯ ಮರ್ಯಾದೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಪಿಂಟುಪಿ ಜನರ ನಡುವೆ ಬಾಳಿ ಅವರ ಭೂಸ್ವಾಮ್ಯದ ಕಲ್ಪನೆಯನ್ನು ವಿವರಿಸಿದ ಮಾನವಶಾಸ್ತ್ರಜ್ಞ ಫ್ರೆಡ್ ಮೈಯರ್ಸ್ ಒತ್ತಿ ಹೇಳಿದ್ದೂ ಇದನ್ನೇ: ಅಲ್ಲಿ ಇಲ್ಲವೆನ್ನುವುದು ವಿರಳ, ಕೇಳದಿರುವುದು ಅಪರಾಧ.

ಅದಕ್ಕೆ ಕಾರಣ ನೀರು. ಬಂಡೆಯ ಕುಳಿಯಲ್ಲಿ ನಿಂತ ಮಳೆನೀರು ಕೆಲವು ಕೊಡಗಳಷ್ಟೇ ಇದ್ದೀತು. ಬಿಸಿಲಿಗೆ ಆರಿಹೋಗದಂತೆ, ಪ್ರಾಣಿ ಬಿದ್ದು ಸತ್ತು ಕೊಳೆಯದಂತೆ, ಅದರ ಬಾಯಿಗೆ ಚಪ್ಪಡಿಯನ್ನೋ ಸೊಪ್ಪಿನ ಕೊಂಬೆಗಳನ್ನೋ ಮುಚ್ಚಿರುತ್ತಿದ್ದರು. ಆ ಮುಚ್ಚಳವನ್ನು ಸರಿಸುವ ಕೈ ಯಾರದೆಂಬುದು ಒಂದು ಕುಟುಂಬದ ಅಳಿವು ಉಳಿವುಗಳ ಪ್ರಶ್ನೆಯಾಗಿತ್ತು. ಬಿಳಿಯರ ಹಾದಿಗಳು ಮೊದಲು ಕೈಯಿಟ್ಟುದು ಇದಕ್ಕೇ. 1906ರಲ್ಲಿ ಆಲ್ಫ್ರೆಡ್ ಕ್ಯಾನಿಂಗ್, ಉತ್ತರದ ಕಿಂಬರ್ಲಿ ಸೀಮೆಯಿಂದ ದಕ್ಷಿಣದ ಚಿನ್ನದ ಗಣಿಗಳಿಗೆ ದನಗಳನ್ನು ಹೊಡೆತರಲು ದಾರಿಯೊಂದನ್ನು ಅಳೆಯಹೊರಟಾಗ, ನೀರಿನ ನೆಲೆಗಳನ್ನು ತೋರಿಸಲೆಂದು ಮೂಲನಿವಾಸಿಗಳನ್ನು ಹಿಡಿದು ಸರಪಣಿಯಲ್ಲಿ ಬಿಗಿದು ನಡೆಸಿಕೊಂಡು ಹೋದನು. ಆ ತಂಡದ ಅಡಿಗೆಯವನೇ, ಎಡ್ವರ್ಡ್ ಬ್ಲೇಕ್ ಎಂಬುವನು, ಇದನ್ನು ಸಹಿಸಲಾರದೆ ದೂರಿತ್ತುದರಿಂದ 1908ರಲ್ಲಿ ರಾಯಲ್ ಕಮಿಷನ್ ಕುಳಿತಿತು. ಕ್ಯಾನಿಂಗ್ ನಿರ್ದೋಷಿಯೆಂದು ತೀರ್ಪು ಹೊರಬಿದ್ದಿತು. ಅದೇ ವರ್ಷ ಅವನು ಮರಳಿ ಹೋಗಿ, 1910ರೊಳಗಾಗಿ ಸುಮಾರು 1,850 ಕಿಲೋಮೀಟರಿನ ಆ ದಾರಿಯುದ್ದಕ್ಕೂ ಬಾವಿಗಳ ಸಾಲನ್ನು ತೋಡಿಸಿ ಮುಗಿಸಿದನು. ಅವುಗಳಲ್ಲಿ ಅನೇಕವು ಹಿಂದಿನಿಂದಲೂ ಇದ್ದ ಒರತೆಗಳ ಮೇಲೆಯೇ ತೋಡಿದವು. ದೊಡ್ಡ ಅಧಿಕಾರಿಗಳ ಸಾಕ್ಷ್ಯಗಳ ನಡುವೆ ಆ ಅಡಿಗೆಯವನ ಒಂದು ದನಿ ಎದ್ದಿತೆಂಬುದನ್ನು ಚರಿತ್ರೆ ಬರೆಯುವವರು ಮರೆಯಬಾರದು.

ಇನ್ನು ಕಾಗದದ ಮಾತು. ಆ ನಾಡಿನಲ್ಲಿ ಚೀಟಿಯನ್ನು ಮೊದಲು ಹಿಡಿದು ನಿಲ್ಲಬೇಕಾದವರು ಪರಸ್ಥಳದ ಪಯಣಿಗರಲ್ಲ, ನೆಲದ ಮಕ್ಕಳೇ. ಪಶ್ಚಿಮ ಆಸ್ಟ್ರೇಲಿಯದ 1905ರ ಶಾಸನವು ಮೂಲನಿವಾಸಿಯನ್ನು ಅವನಿದ್ದ ಸ್ಥಳದಿಂದ ಎಬ್ಬಿಸಿ ಮೀಸಲು ಪ್ರದೇಶಕ್ಕೆ ಸಾಗಿಸಿ ಅಲ್ಲಿಯೇ ಇರಿಸುವ ಅಧಿಕಾರವನ್ನು ಮಂತ್ರಿಗೆ ಕೊಟ್ಟಿತು. ಅದೇ ಶಾಸನವು ಹೊರಗಿನವರು ಅನುಮತಿಯಿಲ್ಲದೆ ಅಂಥ ಪ್ರದೇಶವನ್ನು ಹೊಗುವುದನ್ನೂ ನಿಷೇಧಿಸಿತು. ಎರಡೂ ದಿಕ್ಕಿನ ಬೀಗದ ಕೈ ಸರ್ಕಾರದ ಸೊಂಟದಲ್ಲಿತ್ತು. 1927ರಿಂದ 1954ರವರೆಗೆ ಪರ್ತ್ ನಗರದ ನಡುಭಾಗವೇ ಮೂಲನಿವಾಸಿಗಳಿಗೆ ನಿಷಿದ್ಧ ಪ್ರದೇಶವಾಗಿದ್ದು, ಅದನ್ನು ಪ್ರವೇಶಿಸಲು ಅವರು ಪಾಸು ತೋರಿಸಬೇಕಾಗಿತ್ತು. ಮಧ್ಯ ಮರುಭೂಮಿಯಲ್ಲಿ ಮೂರು ಆಡಳಿತಗಳ ಗಡಿಗಳು ಕೂಡುವೆಡೆಯ ವಿಸ್ತಾರವಾದ ಮೀಸಲು ಪ್ರದೇಶಗಳು 1918ರಿಂದ 1921ರೊಳಗೆ ಏರ್ಪಟ್ಟವು. ಬಿಳಿಯರಿಗೆ ಅಲ್ಲಿ ಆಗ ಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಆ ನೆಲ ಮೀಸಲಾಗಿ ಉಳಿದುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ. ಬೇಕಾದ ದಿನ ಬಂದಾಗ ಮೀಸಲು ಎಂಬ ಮಾತಿಗೆ ಬೆಲೆ ಉಳಿಯಲಿಲ್ಲ.

ಆ ದಿನ ಬಂದುದು ಎರಡನೆಯ ಮಹಾಯುದ್ಧದ ಬಳಿಕ. ಬ್ರಿಟನ್ನು ತನ್ನ ದೂರಗಾಮಿ ಅಸ್ತ್ರಗಳನ್ನು ಪರೀಕ್ಷಿಸಲು ನಿರ್ಜನ ಪ್ರದೇಶವನ್ನು ಹುಡುಕುತ್ತಿತ್ತು. ದಕ್ಷಿಣ ಆಸ್ಟ್ರೇಲಿಯದ ವೂಮೆರದಿಂದ ವಾಯವ್ಯ ತೀರದವರೆಗೆ ನಕ್ಷೆಯ ಮೇಲೆ ಎಳೆದ ಗೆರೆಯ ಕೆಳಗಿನ ಸೀಮೆಯೆಲ್ಲ ಬರಿದೆಂದು ಅಧಿಕಾರಿಗಳು ಬಗೆದರು. ಆ ಸೀಮೆಗೆ ಹಾದಿ ಕಡಿದವನು ಲೆನ್ ಬೀಡೆಲ್ ಎಂಬ ಭೂಮಾಪಕ. 1955ರಿಂದ 1963ರವರೆಗೆ ಅವನೂ ಅವನ ಬೆರಳೆಣಿಕೆಯ ಸಂಗಡಿಗರೂ ಮರುಭೂಮಿಯಲ್ಲಿ 6,000 ಕಿಲೋಮೀಟರಿಗೂ ಮಿಕ್ಕ ಹಾದಿಗಳನ್ನು ಮಾಡಿದರು. ಅವನ ಕೆಲಸದ ರೀತಿ ನೆನೆಯತಕ್ಕದ್ದು: ಹಗಲು ತಾನೊಬ್ಬನೇ ಲ್ಯಾಂಡ್‌ರೋವರಿನಲ್ಲಿ ಮುಲ್ಗ ಪೊದೆಗಳನ್ನು ನುಗ್ಗಿಕೊಂಡು ಮುಂದೆ ಹೋಗುವನು; ಅಲ್ಲಿಂದ ಕನ್ನಡಿಯ ಬೆಳಕನ್ನು ಮಿನುಗಿಸಿಯೋ ಬಾಣದ ಬತ್ತಿಯನ್ನು ಹಾರಿಸಿಯೋ ಹಿಂದಿರುವ ಬುಲ್‌ಡೋಜರಿಗೆ ದಿಕ್ಕು ತೋರಿಸುವನು; ಅದು ಕೆಡಹಿದ ಜಾಡಿನಲ್ಲಿ ಗ್ರೇಡರು ಸವರುತ್ತ ಬರುವುದು; ರಾತ್ರಿ ಥಿಯೊಡೊಲೈಟಿನಲ್ಲಿ ನಕ್ಷತ್ರಗಳನ್ನು ನೋಡಿ ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಗುಣಿಸುವನು. ಕೂಡುದಾರಿಗಳಲ್ಲಿ ಮರಕ್ಕೋ ಕಂಬಕ್ಕೋ ಅಲ್ಯುಮಿನಿಯಮ್ ತಗಡೊಂದನ್ನು ಜಡಿದು, ಆ ಅಂಕೆಗಳನ್ನೂ ತಾರೀಕನ್ನೂ ಉಕ್ಕಿನ ಅಚ್ಚುಮೊಳೆಗಳಿಂದ ಒಂದೊಂದೇ ಅಕ್ಷರವಾಗಿ ಕುಟ್ಟಿ ಮೂಡಿಸುವನು. ಸ್ಮರಣವಸ್ತುಗಳ ಆಸೆಗೆ ಬಿದ್ದ ಪಯಣಿಗರು ಮೂಲ ತಗಡುಗಳಲ್ಲಿ ಹಲವನ್ನು ಕಿತ್ತೊಯ್ದುದರಿಂದ ಈಗ ಅನೇಕ ಕಡೆ ಕಾಣುವುದು ಅವುಗಳ ಪ್ರತಿಕೃತಿಗಳು. ದೇಶದ ನಡುಭಾಗವನ್ನು ಪೂರ್ವಪಶ್ಚಿಮವಾಗಿ ದಾಟುವ ಮೊದಲ ಹಾದಿಯಾದ ಗನ್‌ಬ್ಯಾರೆಲ್ ಹೈವೇ 1958ರ ನವೆಂಬರಿನಲ್ಲಿ ಕಾರ್ನೆಗೀ ಎಂಬ ದನದ ಠಾಣ್ಯವನ್ನು ಮುಟ್ಟಿತು. ಹೆಂಡತಿಯ ಹೆಸರಿನಲ್ಲಿ ಆ್ಯನ್ ಬೀಡೆಲ್ ಹೈವೇ, ಮಗಳ ಹೆಸರಿನಲ್ಲಿ ಕಾನಿ ಸೂ ಹೈವೇ, ಮಗನ ಹೆಸರಿನಲ್ಲಿ ಗ್ಯಾರಿ ಹೈವೇ, ಹೀಗೆ ಅವನ ಸಂಸಾರವೇ ಮರುಭೂಮಿಯ ನಕ್ಷೆಯಲ್ಲಿ ನೆಲೆನಿಂತಿತು. ಅವನ ಶ್ರಮವನ್ನೂ ಕೌಶಲವನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ಆ ಸ್ಥಳಗಳಿಗೆ ಮೊದಲೇ ಹೆಸರುಗಳಿದ್ದುವೆಂಬುದನ್ನು ಮಾತ್ರ ಮರೆಯಲಾರೆ.

ಹಾದಿಯ ಅಪಾಯವನ್ನು ಮೊದಲೇ ಅರಿತವನು ವಾಲ್ಟರ್ ಮೆಕ್‌ಡೂಗಲ್. ವೂಮೆರದ ಅಧಿಕಾರಿಗಳು ಮೂಲನಿವಾಸಿಗಳ ಕ್ಷೇಮವನ್ನು ನೋಡಿಕೊಳ್ಳಲೆಂದು 1947ರಲ್ಲಿ ನೇಮಿಸಿದ ಗಸ್ತು ಅಧಿಕಾರಿ ಅವನು. ಒಂದು ರಾಜ್ಯದಷ್ಟು ವಿಸ್ತಾರವಾದ ಸೀಮೆಗೆ ಬಹುಕಾಲ ಅವನೊಬ್ಬನೇ. ಮೀಸಲು ಪ್ರದೇಶದೊಳಗೆ ಜೈಲ್ಸ್ ಹವಾಮಾನ ಕೇಂದ್ರವನ್ನು ಸ್ಥಾಪಿಸುವುದನ್ನೂ ಅದಕ್ಕೆ ಹಾದಿ ಎಳೆಯುವುದನ್ನೂ ಅವನು ವಿರೋಧಿಸಿದಾಗ, ಅವನು ಹಿಡಿಮಂದಿ ಮೂಲನಿವಾಸಿಗಳ ಹಿತವನ್ನು ಬ್ರಿಟಿಷ್ ಕಾಮನ್‌ವೆಲ್ತಿನ ಹಿತಕ್ಕಿಂತ ಮಿಗಿಲೆಂದು ಭಾವಿಸಿರುವನೆಂದು ಮುಖ್ಯ ವಿಜ್ಞಾನಿಯು ಪತ್ರದಲ್ಲಿ ಆಕ್ಷೇಪಿಸಿದನು. ಕೇಂದ್ರವು 1956ರಲ್ಲಿ ಕೆಲಸ ಆರಂಭಿಸಿತು. ಅದಕ್ಕೂ ಮೊದಲೇ, 1953ರ ಅಕ್ಟೋಬರಿನಲ್ಲಿ, ಬೀಡೆಲ್ ಗುರುತಿಸಿಕೊಟ್ಟ ಎಮು ಫೀಲ್ಡಿನಲ್ಲಿ ಎರಡು ಅಣುಬಾಂಬುಗಳು ಸಿಡಿದಿದ್ದವು. ಮೊದಲನೆಯದನ್ನು ಸಲ್ಲದ ಗಾಳಿಯಲ್ಲಿ ಸಿಡಿಸಲಾಯಿತೆಂದು 1985ರ ರಾಯಲ್ ಕಮಿಷನ್ ಹೇಳಿತು. 1964ರಲ್ಲಿ ಬ್ಲೂ ಸ್ಟ್ರೀಕ್ ರಾಕೆಟ್ಟಿನ ತುಣುಕುಗಳು ಬೀಳಬಹುದಾದ ಪರ್ಸಿವಲ್ ಸರೋವರಗಳ ಸುತ್ತ ಗಸ್ತು ತಿರುಗಿದವರಿಗೆ, ಬರಿದೆಂದು ಬಗೆದಿದ್ದ ಆ ನೆಲದಲ್ಲಿ, ವಾಹನವನ್ನೇ ಕಂಡರಿಯದ ಇಪ್ಪತ್ತು ಮಂದಿ ಮಾರ್ಟು ಹೆಂಗಸರೂ ಮಕ್ಕಳೂ ಕಾಣಸಿಕ್ಕರು. ತಮ್ಮ ನೀರಿನ ನೆಲೆಯತ್ತ ಮರಳದಿಬ್ಬವನ್ನು ಏರಿ ಗುಡುಗುತ್ತ ಬಂದ ಗಾಡಿಯನ್ನು ಕಂಡು ಅವರು ಓಡಿದರು. ಹೊಗೆಯೆಬ್ಬಿಸಿ ಬರವನ್ನು ತಿಳಿಸಿದವರು ಯಾರೂ ಇರಲಿಲ್ಲ.

ಕೀಲಿಯು ಕೈಬದಲಾದುದು 1970ರ ದಶಕದಲ್ಲಿ. ಭೂಮಿಯ ಹಕ್ಕಿನ ಕುರಿತು 1973ರಲ್ಲಿ ನೇಮಕವಾದ ಆಯೋಗದ ನ್ಯಾಯಮೂರ್ತಿ ಎಡ್ವರ್ಡ್ ವುಡ್‌ವರ್ಡ್, ಬೇಡದವರನ್ನು ಹೊರಗಿಡುವ ಅಧಿಕಾರವು ನಿಜವಾದ ಒಡೆತನದ ಮುಖ್ಯ ಲಕ್ಷಣಗಳಲ್ಲೊಂದೆಂದು ತೀರ್ಮಾನಿಸಿದನು. ಆತನ ವರದಿಯನ್ನು ಆಧರಿಸಿ ಬಂದ 1976ರ ನಾರ್ದರ್ನ್ ಟೆರಿಟರಿಯ ಭೂಹಕ್ಕು ಶಾಸನವು ಅಪ್ಪಣೆಯಿಲ್ಲದ ಪ್ರವೇಶವನ್ನು ಅಪರಾಧವೆಂದಿತು. ದಕ್ಷಿಣ ಆಸ್ಟ್ರೇಲಿಯದಲ್ಲಿ ಪಿಟ್ಜಂಟ್ಜಟ್ಜರ ಜನರು 1980ರಲ್ಲಿ ಮರುಭೂಮಿಯಿಂದ ಅಡಿಲೇಡಿಗೆ ಬಂದು ಕುದುರೆ ಜೂಜಿನ ಮೈದಾನದಲ್ಲಿ ಬೀಡುಬಿಟ್ಟು ಸರ್ಕಾರದೊಡನೆ ಮಾತನಾಡಿದರು. ಮರುವರ್ಷ ಬಂದ ಶಾಸನದಿಂದ 1,02,000 ಚದರ ಕಿಲೋಮೀಟರಿಗೂ ಮಿಕ್ಕ ನೆಲ ಅವರದಾಯಿತು, ರಹದಾರಿ ಕೊಡುವ ಅಧಿಕಾರವೂ ಅವರದಾಯಿತು. ಇದು ವರ್ಣಭೇದವಲ್ಲವೆ ಎಂಬ ಪ್ರಶ್ನೆ ಎದ್ದೇ ಎದ್ದಿತು. ಅಪ್ಪಣೆಯಿಲ್ಲದೆ ಆ ನೆಲವನ್ನು ಹೊಕ್ಕನೆಂದು ಮೊಕದ್ದಮೆಗೆ ಗುರಿಯಾದವನು, ವಿಚಿತ್ರವೆಂಬಂತೆ, ಬೇರೆ ಬಳಗದ ಒಬ್ಬ ಮೂಲನಿವಾಸಿ. 1985ರಲ್ಲಿ ಹೈಕೋರ್ಟು, ಹಿಂದಿನ ಅನ್ಯಾಯದಿಂದ ಕುಗ್ಗಿದ ಜನಕ್ಕೆ ಸಮಾನತೆಯನ್ನು ದೊರಕಿಸುವ ವಿಶೇಷ ಕ್ರಮ ಇದೆಂದು ರಹದಾರಿಯ ನಿಯಮವನ್ನು ಎತ್ತಿಹಿಡಿಯಿತು. ಹಳೆಯ ಮರ್ಯಾದೆಯ ಕಣ್ಣಿನಿಂದ ನೋಡಿದರೆ ಆ ಮೊಕದ್ದಮೆಯಲ್ಲಿ ಸೋಜಿಗವೇನೂ ಇಲ್ಲ. ನೆರೆಯವನೂ ದೂರದಲ್ಲಿ ಕುಳಿತು ಕಾಯಬೇಕಾದವನೇ.

2007ರಲ್ಲಿ ಕೇಂದ್ರ ಸರ್ಕಾರ, ನಾರ್ದರ್ನ್ ಟೆರಿಟರಿಯ ವಸತಿಗಳಲ್ಲಿ ಮಕ್ಕಳ ಮೇಲೆ ನಡೆಯುತ್ತಿದ್ದ ದೌರ್ಜನ್ಯಕ್ಕೆ ರಹದಾರಿಯ ಮರೆಯೂ ಒಂದು ಕಾರಣವೆಂದು ವಾದಿಸಿ, ದೊಡ್ಡ ವಸತಿಗಳ ಸಾರ್ವಜನಿಕ ಸ್ಥಳಗಳಿಗೂ ಅವುಗಳ ಪ್ರವೇಶಮಾರ್ಗಗಳಿಗೂ ಅಪ್ಪಣೆ ಬೇಡವೆಂದು ಶಾಸನವನ್ನು ತಿದ್ದಿತು. ಮುಚ್ಚಿದ ಬಾಗಿಲಿನ ಹಿಂದೆ ಕೇಡು ಬೆಳೆಯಬಹುದೆಂಬ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆ ದೌರ್ಜನ್ಯವನ್ನು ವಿಚಾರಿಸಿ 97 ಶಿಫಾರಸುಗಳನ್ನು ಮಾಡಿದ ವರದಿಯಲ್ಲಿ ರಹದಾರಿಯನ್ನು ತೆಗೆದುಹಾಕಬೇಕೆಂಬ ಶಿಫಾರಸು ಇರಲಿಲ್ಲ. ಬಾಗಿಲು ತೆರೆಯುವ ಮೊದಲು ಮನೆಯವರನ್ನು ಕೇಳುವ ಸೌಜನ್ಯವನ್ನು ಸರ್ಕಾರ ಮತ್ತೊಮ್ಮೆ ಮರೆಯಿತೆಂಬುದೇ ನನ್ನ ಅಭಿಪ್ರಾಯ.

ಆ್ಯನ್ ಬೀಡೆಲ್ ಹೈವೇಯಲ್ಲಿ ಕೂಬರ್ ಪೀಡಿಯಿಂದ ಲಾವರ್ಟನ್ನಿಗೆ ಹೋಗುವವರು ಇಂದಿಗೂ ಹಲವು ಅಪ್ಪಣೆಗಳನ್ನು ಕೂಡಿಸಿಕೊಳ್ಳಬೇಕು: ಮಾರಲಿಂಗ ಟ್ಜರುಟ್ಜ ಜನರದು, ಸಂರಕ್ಷಿತ ವನಗಳ ಇಲಾಖೆಯದು, ವೂಮೆರ ನಿಷಿದ್ಧ ಪ್ರದೇಶಕ್ಕೆ ರಕ್ಷಣಾ ಇಲಾಖೆಯದು. ಸೈನ್ಯದ ಚೀಟಿಯನ್ನು ಮರುಮಾತಿಲ್ಲದೆ ಪಡೆಯುವವರು ನೆಲದವರ ಚೀಟಿಗೆ ಮುಖ ಸಿಂಡರಿಸುವುದಾದರೆ, ತಾವು ಯಾರ ಅಧಿಕಾರವನ್ನು ಅಧಿಕಾರವೆಂದು ಎಣಿಸಿದ್ದೇವೆಂದು ಕೇಳಿಕೊಳ್ಳುವುದು ಲೇಸು.

ಆ ಹಾದಿಯ ದಕ್ಷಿಣಕ್ಕಿರುವ ಮಾರಲಿಂಗದಲ್ಲಿ 1956 ಮತ್ತು 1957ರಲ್ಲಿ ಮತ್ತಷ್ಟು ಬಾಂಬುಗಳು ಸಿಡಿದವು. 1963ರವರೆಗೆ ನಡೆದ ಕಿರುಪರೀಕ್ಷೆಗಳು ತರನಾಕಿ ಎಂಬಲ್ಲಿ ಪ್ಲುಟೋನಿಯಮ್ಮನ್ನು ನೆಲದ ಮೇಲೆ ಎರಚಿದವು. ಸುತ್ತಣ ಸೀಮೆಯನ್ನು ಅದರ ಒಡೆಯರಿಗೆ 1984ರ ಶಾಸನ ಮರಳಿಸಿತು. 2000ದಲ್ಲಿ ಮುಗಿದ, 10.8 ಕೋಟಿ ಡಾಲರುಗಳಷ್ಟು ವೆಚ್ಚ ತಗುಲಿದ ಶುದ್ಧೀಕರಣದ ಬಳಿಕ, 2009ರಲ್ಲಿ ಪರೀಕ್ಷಾಸ್ಥಳವನ್ನೂ ಒಪ್ಪಿಸಿದರು. ಈಗ ಮಾರಲಿಂಗವನ್ನು ನೋಡಬರುವವರಿಗೆ ಅಪ್ಪಣೆ ಕೊಡುವವರು ಅವರೇ. ಆದರೆ ತರನಾಕಿಯ ಸುತ್ತ ನೆಟ್ಟ ಗಡಿಫಲಕಗಳ ಮೇಲೆ ಇಂಗ್ಲಿಷಿನಲ್ಲಿಯೂ ಅವರ ನುಡಿಯಲ್ಲಿಯೂ ಬರೆದಿರುವುದು ಒಡೆಯರಿಗೂ ಅನ್ವಯಿಸುತ್ತದೆ: ಇಲ್ಲಿ ಬೇಟೆಯಾಡಬಹುದು, ಬೀಡುಬಿಡಬಾರದು.