ನೌಕೆಯ ಗಾತ್ರ ಮತ್ತು ಹವೆಯ ನಿರೀಕ್ಷೆ

ಸಮುದ್ರಯಾನಕ್ಕೆ ಸಿದ್ಧವಾದ ನೌಕೆಯೊಂದು ಅನುಕೂಲವಾದ ಗಾಳಿ, ಅಲೆ ಮತ್ತು ಋತುಗಳು ಒದಗುವವರೆಗೆ ಬಂದರಿನಲ್ಲಾಗಲಿ ಅಳಿವೆಯಲ್ಲಾಗಲಿ ತಡೆದು ನಿಲ್ಲುವುದಕ್ಕೆ ಹವೆಯ ನಿರೀಕ್ಷೆ ಎನ್ನಬಹುದು. ಈ ನಿರೀಕ್ಷೆಯ ಅವಧಿಯನ್ನು ನಿರ್ಣಯಿಸುವ ಸಂಗತಿಗಳಲ್ಲಿ ನೌಕೆಯ ಗಾತ್ರ ಪ್ರಧಾನವಾದುದು. ಗಾತ್ರ ಹಿರಿದಾದಷ್ಟೂ ನಿರೀಕ್ಷೆ ಕಿರಿದಾಗುವುದೆಂಬ ಸಾಮಾನ್ಯ ನಂಬಿಕೆಯಲ್ಲಿ ಸತ್ಯಾಂಶವಿದ್ದರೂ ಅದು ಪೂರ್ಣಸತ್ಯವಲ್ಲ. ಚಿಕ್ಕ ಹಾಯಿನೌಕೆ ಋತುವಿಗಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಮಧ್ಯಮ ಗಾತ್ರದ್ದು ಒಳ್ಳೆಯ ದಿನಗಳಿಗಾಗಿ ಕಾಯುತ್ತದೆ. ಬೃಹನ್ನೌಕೆ ಬಹುಮಟ್ಟಿಗೆ ಕಾಯದೆ, ಕೆಟ್ಟ ಹವೆಯನ್ನು ತಪ್ಪಿಸಿ ದೂರದ ಹಾದಿ ಹಿಡಿಯುತ್ತದೆ. ಅಂದರೆ ಗಾತ್ರದೊಡನೆ ಬದಲಾಗುವುದು ನಿರೀಕ್ಷೆಯ ಮಾನವೇ ಹೊರತು ಅದರ ಅವಶ್ಯಕತೆಯಲ್ಲ. ಈ ಮೂರು ಬಗೆಗಳನ್ನೂ ಒಂದೇ ನಗರದಲ್ಲಿ ನೋಡಿ ತಿಳಿಯಲು ಮುಂಬಯಿಯ ಕಡಲಂಚಿನಷ್ಟು ಅನುಕೂಲವಾದ ಸ್ಥಳ ನಮ್ಮ ದೇಶದಲ್ಲಿ ವಿರಳ.

ಜೋಗೇಶ್ವರಿಯ ಪಶ್ಚಿಮದ ಕಡಲಂಚು

ಮುಂಬಯಿಯ ಪಶ್ಚಿಮ ಉಪನಗರವಾದ ಜೋಗೇಶ್ವರಿಯು ತನ್ನ ಪ್ರಾಚೀನ ಶೈವ ಗುಹಾಲಯದಿಂದ ಪ್ರಸಿದ್ಧವಾದುದು. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಖಾಡಿಯೊಂದು ಅರಬ್ಬೀ ಸಮುದ್ರವನ್ನು ಕೂಡುವ ಕಡೆ, ಮೀನುಗಾರರಾದ ಕೋಳಿ ಜನರ ಪುರಾತನ ವಸತಿಯಾದ ವೆಸಾವೆ ಇದೆ. ಹೊರಗಿನವರು ಅದನ್ನು ವರ್ಸೋವಾ ಎನ್ನುತ್ತಾರೆ. ಎದುರು ದಂಡೆಯಲ್ಲಿ ಮಢ. ಕರಾವಳಿ ಕನ್ನಡ ಜಿಲ್ಲೆಗಳಿಂದ ಬಂದ ಮೀನುಗಾರ ಮೊಗವೀರರಿಗೂ ಈ ಪ್ರದೇಶ ಅಪರಿಚಿತವಲ್ಲ. 1902ರಲ್ಲಿ ಸ್ಥಾಪಿತವಾದ ಅವರ ಮೊಗವೀರ ವ್ಯವಸ್ಥಾಪಕ ಮಂಡಳಿಯ ವಿದ್ಯಾಸಂಕುಲ ಸಮೀಪದ ಅಂಧೇರಿಯಲ್ಲಿಯೇ ಇದೆ.

ಖಾಡಿಯಲ್ಲಿ ಇಳಿತದ ವೇಳೆ ನಿಂತು ನೋಡಿದವರಿಗೆ ಗಾತ್ರದ ಮೊದಲ ಪಾಠ ತಾನಾಗಿ ದೊರೆಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿಯ ಉಬ್ಬರವಿಳಿತಗಳ ಅಂತರ ನಾಲ್ಕು ಮೀಟರುಗಳನ್ನೂ ಮೀರುವುದುಂಟು. ನೀರು ಸರಿದಾಗ ಬಣ್ಣಬಣ್ಣದ ಬೋಟುಗಳು ಒಂದು ಪಕ್ಕಕ್ಕೆ ವಾಲಿಕೊಂಡು ಕಪ್ಪು ಕೆಸರಿನ ಮೇಲೆ ಕುಳಿತಿರುತ್ತವೆ. ಅವುಗಳ ಲಂಗರಿನ ಹಗ್ಗಗಳು ಬಿಗಿಯಳಿದು ಮಣ್ಣಿನಲ್ಲಿ ಬಿದ್ದಿರುತ್ತವೆ. ಸಣ್ಣ ದೋಣಿಯೊಂದು ನಡುವಣ ತೆಳುವಾದ ನೀರಿನ ಕಾಲುವೆಯಲ್ಲಿಯೇ ಹಾದು ಹೊರಬೀಳಬಲ್ಲುದಾದರೂ, ಆಳದ ಒಡಲಿನ ದೊಡ್ಡ ಬೋಟು ಉಬ್ಬರ ಬರುವವರೆಗೆ ಕದಲುವಂತಿಲ್ಲ. ಹೊರಗಣ ಕಡಲಿನಲ್ಲಿ ಹಿರಿಯ ನೌಕೆಗೆ ಇರುವ ಅನುಕೂಲ ಅಳಿವೆಯಲ್ಲಿ ತಲೆಕೆಳಗಾಗುತ್ತದೆ. ಮಂಗಳೂರು, ಗಂಗೊಳ್ಳಿಗಳ ಅಳಿವೆ ಬಾಯಿಗಳಲ್ಲಿ, ಮರಳದಿಣ್ಣೆಯ ಮೇಲೆ ಅಲೆಗಳು ಒಡೆಯುವಾಗ, ನಮ್ಮವರು ಕಂಡಿರುವುದೂ ಇದನ್ನೇ.

ವೇಗವೂ ಮುನ್ಸೂಚನೆಯೂ

ಗಾತ್ರದ ಪ್ರಭಾವ ಸಮುದ್ರದಲ್ಲಿ ಮೊದಲು ವ್ಯಕ್ತವಾಗುವುದು ವೇಗದ ಮೂಲಕ. ನೀರನ್ನು ಒತ್ತರಿಸುತ್ತ ಸಾಗುವ ನೌಕೆ ತಾನೇ ಎಬ್ಬಿಸಿದ ಅಲೆಯನ್ನು ಏರಿ ದಾಟಲಾರದಾದುದರಿಂದ ಅದರ ವೇಗಕ್ಕೆ ಸಹಜವಾದ ಮಿತಿಯುಂಟು. ನೀರಿನ ಮಟ್ಟದಲ್ಲಿ ಅಳೆದ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಸುಮಾರಾಗಿ ನಾಟ್‌ಗಳಲ್ಲಿ ದೊರೆಯುತ್ತದೆ: 25 ಅಡಿಗೆ 6.7 ನಾಟ್, 49 ಅಡಿಗೆ 9.4 ನಾಟ್. ದೀರ್ಘಯಾನದ ಸರಾಸರಿ ಇದಕ್ಕಿಂತಲೂ ಕಡಿಮೆಯೇ.

ಮುಂಬಯಿಯಿಂದ ಮಸ್ಕತ್ತಿಗೆ ಸುಮಾರು 850 ನಾಟಿಕಲ್ ಮೈಲಿಗಳ ದೂರ. 5 ನಾಟ್, ಎಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಸರಾಸರಿಯ ಚಿಕ್ಕ ಹಾಯಿನೌಕೆಗೆ ಅದು ಏಳು ದಿನಗಳ ಹಾದಿ. 8 ನಾಟ್ ಸಾಗುವ ದೊಡ್ಡ ಹಾಯಿನೌಕೆಗೆ ನಾಲ್ಕೂವರೆ ದಿನ. 15 ನಾಟ್‌ನ ಸರಕುಹಡಗಿಗೆ ಎರಡೂವರೆ ದಿನಕ್ಕೂ ಕಡಿಮೆ. ಹವಾಮಾನದ ಮುನ್ಸೂಚನೆಯನ್ನು ಭರವಸೆಯಿಂದ ನೆಚ್ಚಬಹುದಾದ ಅವಧಿ ಇಂದಿಗೂ ಐದು ದಿನಗಳಷ್ಟೇ ಎಂದು ಹಿಡಿದರೆ, ಸರಕುಹಡಗು ತನ್ನ ಇಡೀ ಯಾನವನ್ನು ಆ ಅವಧಿಯೊಳಗೆ ಮುಗಿಸುತ್ತದೆ, ದೊಡ್ಡ ಹಾಯಿನೌಕೆ ಅಂಚಿನಲ್ಲಿ ಮುಗಿಸುತ್ತದೆ, ಚಿಕ್ಕ ನೌಕೆಯಾದರೋ ಕೊನೆಯ ಎರಡು ದಿನಗಳನ್ನು ಹೊರಡುವಾಗ ತಿಳಿಯದಿದ್ದ ಹವೆಯಲ್ಲಿ ಕಳೆಯಬೇಕಾಗುತ್ತದೆ. ಆದುದರಿಂದ ಸಾಗರವನ್ನು ದಾಟಬೇಕಾದ ಚಿಕ್ಕ ನೌಕೆ ಒಳ್ಳೆಯ ದಿನವನ್ನು ಆರಿಸಿಕೊಂಡರೆ ಸಾಲದು. ಕೆಟ್ಟ ದಿನಗಳೇ ವಿರಳವಾದ ಋತುವನ್ನು ಆರಿಸಿಕೊಳ್ಳಬೇಕು. ತೀರದ ಸಮೀಪದ ಒಂದೆರಡು ದಿನಗಳ ಯಾನಕ್ಕೆ ಮುನ್ಸೂಚನೆ ಅದಕ್ಕೆ ಸಾಕಾದೀತು, ಮಹಾಸಾಗರಕ್ಕೆ ಸಾಲದು.

ಚಂಡಮಾರುತ ಎದುರಾದಾಗ ಈ ಭೇದ ಇನ್ನೂ ತೀವ್ರವಾಗುತ್ತದೆ. 5 ನಾಟ್‌ನ ನೌಕೆ ದಿನಕ್ಕೆ 120 ನಾಟಿಕಲ್ ಮೈಲಿ, ಅಂದರೆ ಸುಮಾರು 220 ಕಿಲೋಮೀಟರು ಸಾಗೀತು. ಅರಬ್ಬೀ ಸಮುದ್ರದ ಚಂಡಮಾರುತ ಅದಕ್ಕಿಂತ ವೇಗವಾಗಿ ಚಲಿಸುವುದುಂಟು. 15 ನಾಟ್‌ನ ಹಡಗು ದಿನಕ್ಕೆ 360 ನಾಟಿಕಲ್ ಮೈಲಿ ಸರಿದು ಅದರ ಮಾರ್ಗದಿಂದ ಪಾರಾಗಬಲ್ಲುದು.

ಸ್ಥಿರತೆಯೂ ಅಲೆಯೂ

ಎರಡನೆಯ ಕಾರಣ ಸ್ಥಿರತೆಗೆ ಸಂಬಂಧಿಸಿದುದು. ನೌಕೆಯ ಎಲ್ಲ ಅಳತೆಗಳನ್ನೂ ಇಮ್ಮಡಿಸಿದರೆ ಹಾಯಿಯ ವಿಸ್ತಾರ ನಾಲ್ಮಡಿಯೂ ಎತ್ತರ ಇಮ್ಮಡಿಯೂ ಆಗಿ, ಗಾಳಿ ಅದನ್ನು ವಾಲಿಸುವ ಶಕ್ತಿ ಎಂಟುಮಡಿಯಾಗುತ್ತದೆ. ಆದರೆ ಭಾರ ತಾನೇ ಎಂಟುಮಡಿಯೂ ಅದು ಎಳೆಯುವ ತೋಳು ಇಮ್ಮಡಿಯೂ ಆಗುವುದರಿಂದ ನೌಕೆ ನೆಟ್ಟಗಾಗುವ ಶಕ್ತಿ ಹದಿನಾರುಮಡಿಯಾಗುತ್ತದೆ. ಚಿಕ್ಕ ನೌಕೆ ಹಾಯಿಯನ್ನು ಮಡಿಚಿ ಮಡಿಚಿ ಕಡೆಗೆ ಏನೂ ಉಳಿಯದಂತಾದ ಗಾಳಿಯಲ್ಲಿ ಹಿರಿಯದು ಹಾಯಿಯೆತ್ತಿಕೊಂಡೇ ಸಾಗುವುದು ಈ ಕಾರಣದಿಂದ.

ಅಲೆಗಳ ವಿಷಯದಲ್ಲಿ ಎತ್ತರಕ್ಕಿಂತ ಆಕಾರ ಮುಖ್ಯ. ಎಂಟು ಸೆಕೆಂಡಿಗೊಮ್ಮೆ ಬರುವ ಆಳನೀರಿನ ಅಲೆಯ ಉದ್ದ ಸುಮಾರು 100 ಮೀಟರು. ಹತ್ತು ಮೀಟರಿನ ದೋಣಿ ಅಂತಹ ಅಲೆಯ ಬೆನ್ನೇರಿ ಇಳಿದುಹೋಗುತ್ತದೆ. ನೂರು ಮೀಟರಿನ ಹಡಗಾದರೋ ಎರಡು ಶಿಖರಗಳ ನಡುವೆ ತೂಗಿಬಿದ್ದು ಬಾಗುವ ಒತ್ತಡಕ್ಕೆ ಗುರಿಯಾಗುತ್ತದೆ. ಚಿಕ್ಕ ದೋಣಿಗೆ ಮೃತ್ಯುವಾಗುವುದು ಶಿಖರ ಒಡೆದು ಬೀಳುವ ಕಡಿದಾದ ಅಲೆ. ಅಂತಹ ಅಲೆಯ ಎತ್ತರ ನೌಕೆಯ ಉದ್ದದ ಶೇಕಡಾ 60ರಷ್ಟಾಗಿ ಪಕ್ಕಕ್ಕೆ ಬಡಿದರೆ ಯಾವ ಹಾಯಿನೌಕೆಯನ್ನಾದರೂ ಉರುಳಿಸಬಲ್ಲುದೆಂದು ಮಾದರಿಗಳ ಮೇಲೆ ನಡೆಸಿದ ಪರೀಕ್ಷೆಗಳು ತೋರಿಸಿವೆ. ಹತ್ತು ಮೀಟರಿನ ನೌಕೆಗೆ ಅದು ಆರು ಮೀಟರಿನ ಅಲೆ. ಹದಿನೇಳು ಮೀಟರಿನದಕ್ಕೆ ಹತ್ತು ಮೀಟರಿನದು, ಎಂದರೆ ಬಹಳ ಅಪರೂಪವಾದುದು.

ಇದರ ಕಠೋರವಾದ ಪ್ರಮಾಣ 1979ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಐರ್ಲೆಂಡುಗಳ ನಡುವಣ ಕಡಲಿನಲ್ಲಿ ನಡೆದ ಹಾಯಿನೌಕೆಗಳ ಫಾಸ್ಟ್‌ನೆಟ್ ಪಂದ್ಯದಲ್ಲಿ ದೊರೆಯಿತು. ಪಂದ್ಯದ ಮಧ್ಯದಲ್ಲಿ ಬಿರುಗಾಳಿ ಎರಗಿ 15 ಮಂದಿ ಸ್ಪರ್ಧಾಳುಗಳು ಅಸುನೀಗಿದರು. ಹೊರಟ 303 ನೌಕೆಗಳಲ್ಲಿ ಅತಿದೊಡ್ಡ ವರ್ಗದ 14ರ ಪೈಕಿ 13 ಗುರಿ ಮುಟ್ಟಿದುವು. ಅತಿಚಿಕ್ಕ ವರ್ಗದ 58ರ ಪೈಕಿ ಮುಟ್ಟಿದುದು ಒಂದೇ.

ಪಶ್ಚಿಮ ಕರಾವಳಿಯ ಋತುಕ್ರಮ

ಅರಬ್ಬೀ ಸಮುದ್ರದಲ್ಲಿ ನಿರೀಕ್ಷೆಯ ಪಂಚಾಂಗವನ್ನು ಬರೆದಿರುವುದು ಮಾನ್ಸೂನು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತ. ನವೆಂಬರಿನಿಂದ ಮಾರ್ಚಿನವರೆಗೆ ಸೌಮ್ಯವಾದ ಈಶಾನ್ಯ ಮಾರುತ. ಇವೆರಡರ ಸಂಧಿಕಾಲಗಳ ಆಸುಪಾಸಿನಲ್ಲಿ, ಎಂದರೆ ಮೇ-ಜೂನ್ ಮತ್ತು ಅಕ್ಟೋಬರ್-ಡಿಸೆಂಬರುಗಳಲ್ಲಿ, ಚಂಡಮಾರುತಗಳ ಭಯ. ಆದಕಾರಣ ಮುಂಬಯಿಯಿಂದ ಚಿಕ್ಕ ನೌಕೆಯಲ್ಲಿ ಸಾಗರಕ್ಕಿಳಿಯುವವನಿಗೆ ನಿಶ್ಚಿಂತೆಯ ಕಾಲ ಡಿಸೆಂಬರಿನ ಮಧ್ಯದಿಂದ ಮಾರ್ಚಿನ ಕೊನೆಯವರೆಗೆ ಮಾತ್ರ. ಮಂಗಳೂರಿನಿಂದ ಹೆಂಚು ಹೊತ್ತು ಸಾಗುತ್ತಿದ್ದ ಮಂಜಿಗಳೂ, ಕೊಂಕಣದ ಪತ್ತೆಮಾರಿಗಳೂ, ಅರೇಬಿಯಾ ಆಫ್ರಿಕಾಗಳಿಗೆ ಹೋಗುತ್ತಿದ್ದ ಕೋಟಿಯಾಗಳೂ, ಈ ಹಾಯಿನೌಕೆಗಳೆಲ್ಲವೂ, ಈ ಕ್ರಮಕ್ಕೆ ತಲೆಬಾಗಿದುವು. ಈಶಾನ್ಯದ ಗಾಳಿಯಲ್ಲಿ ಹೋಗಿ ನೈರುತ್ಯದ ಗಾಳಿ ಬಲಿಯುವ ಮುನ್ನ ಮರಳುವುದು, ಮಳೆಗಾಲದಲ್ಲಿ ಮರದ ಒಡಲನ್ನು ದಡಕ್ಕೆಳೆದು ಸೋಗೆ ಹೊದಿಸಿ ರಕ್ಷಿಸುವುದು, ಇದು ಅವುಗಳ ವಾರ್ಷಿಕ ಜೀವನ.

ಇಂದು ಇದೇ ಕ್ರಮ ಶಾಸನದ ರೂಪ ತಾಳಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನರಕ್ಷಣೆ ಅದರ ಒಂದು ಉದ್ದೇಶವಾದರೆ ಮನುಷ್ಯರ ರಕ್ಷಣೆ ಇನ್ನೊಂದು. ಗಮನಾರ್ಹವಾದ ಸಂಗತಿಯೆಂದರೆ, ಯಂತ್ರವಿಲ್ಲದ ಸಣ್ಣ ದೋಣಿಗಳಿಗೆ ನಿಷೇಧದಿಂದ ವಿನಾಯಿತಿ ಉಂಟು; ನಮ್ಮ ಕರಾವಳಿಯ ನಾಡದೋಣಿಗಳವರು ಮಳೆ ಬಿಡುವು ಕೊಟ್ಟ ದಿನ ದಡದ ಹತ್ತಿರದಲ್ಲಿ ಬಲೆ ಬಿಟ್ಟು ಬೆಳಕಿರುವಾಗಲೇ ಹಿಂದಿರುಗುತ್ತಾರೆ. ಯಾನ ಕಿರಿದಾದರೆ ಕಿರಿಯ ದೋಣಿಗೂ ಗಂಟೆಗಳ ನಿರೀಕ್ಷೆ ಸಾಕೆಂಬುದಕ್ಕೆ ಇದು ನಿದರ್ಶನ. ಶ್ರಾವಣ ಹುಣ್ಣಿಮೆಯಂದು ವೆಸಾವೆಯ ಕೋಳಿ ಜನರು ನಾರಳಿ ಪೌರ್ಣಿಮೆಯೆಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುವುದೂ, ಅದೇ ಕಾಲದಲ್ಲಿ ಮೊಗವೀರರು ಸಮುದ್ರಪೂಜೆ ಮಾಡುವುದೂ ದೀರ್ಘವಾದ ನಿರೀಕ್ಷೆಯ ಸಮಾಪ್ತಿಯನ್ನು ಸಾರುವ ವಿಧಿಗಳು.

ಒಂದೇ ಜಲಮಾರ್ಗದಲ್ಲಿ ಗಾತ್ರದ ಭೇದ ಹೇಗೆ ಕಾಣುವುದೆಂಬುದಕ್ಕೆ ಮುಂಬಯಿಯಿಂದ ಕೊಲ್ಲಿಯಾಚೆಯ ಮಾಂಡವಾಕ್ಕೆ ಹೋಗುವ ಮಾರ್ಗವನ್ನು ನೋಡಬಹುದು. ಗೇಟ್‌ವೇ ಆಫ್ ಇಂಡಿಯಾದಿಂದ ಅಲ್ಲಿಗೆ ಹೋಗುವ ಲಾಂಚುಗಳು ಮಳೆಗಾಲದಲ್ಲಿ ನಿಲ್ಲುತ್ತವೆ. 2020ರ ಮಾರ್ಚಿನಿಂದ ಭಾವುಚಾ ಧಕ್ಕಾದಿಂದ ಹೊರಡುವ, ವಾಹನಗಳನ್ನೂ ಹೊರುವ ದೊಡ್ಡ ರೋ-ರೋ ಹಡಗು ಮಳೆಗಾಲದಲ್ಲಿಯೂ ಸಂಚರಿಸಿ, ಅತಿಯಾದ ಬಿರುಸಿನ ದಿನಗಳಲ್ಲಿ ಮಾತ್ರ ತಂಗುತ್ತದೆ.

ಮುಂಬಯಿಯಿಂದ ಭೂಪ್ರದಕ್ಷಿಣೆ

ಜಗತ್ತಿನ ನೌಕಾಯಾನದ ಚರಿತ್ರೆಯಲ್ಲಿ ಚಿಕ್ಕ ನೌಕೆಯ ಸಾಮರ್ಥ್ಯವನ್ನು ಸ್ಥಾಪಿಸಿದ ‘ಸುಹೈಲಿ’ ಮುಂಬಯಿಯಲ್ಲಿಯೇ ನಿರ್ಮಿತವಾದುದು. 32 ಅಡಿ ಉದ್ದದ, ಸಾಗುವಾನಿ ಮರದ ಈ ಹಾಯಿನೌಕೆ 1965ರ ಡಿಸೆಂಬರಿನಲ್ಲಿ, ಎಂದರೆ ಈಶಾನ್ಯ ಮಾರುತದ ಪ್ರಶಸ್ತಕಾಲದಲ್ಲಿ, ಇಲ್ಲಿಂದ ಹೊರಟಿತು. ಮುಂದೆ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿಯೇ 1968ರ ಜೂನ್ 14ರಿಂದ 1969ರ ಏಪ್ರಿಲ್ 22ರವರೆಗೆ, 312 ದಿನಗಳಲ್ಲಿ, ಒಂಟಿಯಾಗಿ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿದ ಮೊದಲಿಗರಾದರು. ಅವರ ಸರಾಸರಿ ವೇಗ ಸುಮಾರು 4 ನಾಟ್. ಅಂತಹ ವೇಗದಲ್ಲಿ ಬಿರುಗಾಳಿಯನ್ನು ತಪ್ಪಿಸಿ ಓಡುವ ಮಾತೇ ಇಲ್ಲ. ಹೊರಡುವ ತಿಂಗಳನ್ನು ಲೆಕ್ಕಹಾಕಿ, ದಕ್ಷಿಣದ ಬೇಸಗೆಯಲ್ಲಿ ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ದಾಟುವಂತೆ ನೋಡಿಕೊಳ್ಳುವುದೊಂದೇ ಉಪಾಯ.

ಭಾರತೀಯ ನೌಕಾಪಡೆಯ ‘ಮ್ಹಾದೇಯಿ’ ಗೋವೆಯಲ್ಲಿ ನಿರ್ಮಿತವಾದ 56 ಅಡಿಯ ನೌಕೆ. ಅದರಲ್ಲಿ ಕಮಾಂಡರ್ ದಿಲೀಪ್ ದೋಂದೆ 2009ರ ಆಗಸ್ಟ್ 19ರಂದು, ಮಾನ್ಸೂನು ಇನ್ನೂ ಪೂರ್ತಿ ಹಿಂಜರಿಯುವ ಮುನ್ನವೇ, ಮುಂಬಯಿಯಿಂದ ಹೊರಟು, ನಾಲ್ಕು ಬಂದರುಗಳಲ್ಲಿ ತಂಗಿ, 2010ರ ಮೇ ತಿಂಗಳಿನಲ್ಲಿ ಮುಂದಣ ಮಾನ್ಸೂನಿಗೆ ಮೊದಲೇ ಮರಳಿದರು. ಅಭಿಲಾಷ್ ಟೋಮಿ ಅದೇ ನೌಕೆಯಲ್ಲಿ 2012ರ ನವೆಂಬರ್ 1ರಂದು ಹೊರಟು ಎಲ್ಲಿಯೂ ನಿಲ್ಲದೆ 2013ರ ಮಾರ್ಚ್ 31ರಂದು ಮುಂಬಯಿ ಮುಟ್ಟಿದರು. ಹಿರಿಯ ನೌಕೆ ಆಗಸ್ಟಿನ ಕಡಲನ್ನು ಸಹಿಸಬಲ್ಲುದಾದುದರಿಂದ ಹೊರಡುವ ದಿನದ ಆಯ್ಕೆ ವಿಸ್ತಾರವಾಯಿತು. ವೇಗ ಹೆಚ್ಚಾದುದರಿಂದ ದಕ್ಷಿಣ ಸಾಗರದ ಯಾನ ಬೇಸಗೆಯೊಳಗೆ ಅಡಕವಾಯಿತು. ಆದರೂ ಹಾರ್ನ್ ಭೂಶಿರದ ಋತುವಿಗೆ ಅವರಿಬ್ಬರೂ ಬದ್ಧರಾಗಿಯೇ ಇದ್ದರು.

ಅದೇ ಟೋಮಿ 2018ರಲ್ಲಿ ಸುಹೈಲಿಯ ಪಡಿಯಚ್ಚಾದ 32 ಅಡಿಯ ‘ತುರೀಯ’ದಲ್ಲಿ ಒಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಇಳಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ನೌಕೆ ಉರುಳಿ, ಹಾಯಿಕಂಬಗಳು ಮುರಿದು, ಅವರ ಬೆನ್ನಿಗೆ ತೀವ್ರವಾದ ಪೆಟ್ಟಾಯಿತು. ಫ್ರೆಂಚ್ ಹಡಗು ‘ಒಸಿರಿಸ್’ ಅವರನ್ನು ಪಾರುಮಾಡಿತು. ಎರಡು ಯಾನಗಳ ಬಿರುಗಾಳಿಗಳು ಒಂದೇ ಬಗೆಯವಲ್ಲವಾದುದರಿಂದ ಭೇದವನ್ನೆಲ್ಲ ಗಾತ್ರದ ಮೇಲೆ ಹೊರಿಸಲಾಗದು. ಆದರೆ ನಾವಿಕನ ಕೌಶಲ ಒಂದೇ ಆಗಿದ್ದಾಗಲೂ ಚಿಕ್ಕ ನೌಕೆ ಬಿರುಗಾಳಿಯ ಹಾದಿಯಿಂದ ಸರಿಯಲಾರದೆಂಬುದು ಇದರಿಂದ ಸ್ಪಷ್ಟ.

ಸಾಗರಮಧ್ಯದ ನಿರೀಕ್ಷೆ

ಹೊರಟ ಮೇಲೂ ನಿರೀಕ್ಷೆ ಮುಗಿಯುವುದಿಲ್ಲ. ಬಿರುಗಾಳಿಯಲ್ಲಿ ಹಾಯಿಯನ್ನು ಗಾಳಿಗೆ ಅಡ್ಡಕಟ್ಟಿ ನೌಕೆಯನ್ನು ಬಹುತೇಕ ನಿಂತಲ್ಲೇ ನಿಲ್ಲಿಸುವ ಕ್ರಮವುಂಟು. ಗಾಳಿಯೇ ಇಲ್ಲದ ದಿನಗಳಲ್ಲಿ ಚಿಕ್ಕ ನೌಕೆ ಸ್ವಲ್ಪವೇ ಇಂಧನವನ್ನು ಹೊರುವುದರಿಂದ ಯಂತ್ರವನ್ನು ಓಡಿಸದೆ ಸುಮ್ಮನೆ ತೇಲಬೇಕಾಗುತ್ತದೆ. ಇಬ್ಬರಿಗೆ ತಲಾ ನಾಲ್ಕು ಲೀಟರಿನಂತೆ ನಲವತ್ತು ದಿನಗಳಿಗೆ 320 ಲೀಟರು ನೀರು ಬೇಕು. ಆ ಭಾರವನ್ನು ಹಿರಿಯ ನೌಕೆ ಲೆಕ್ಕಿಸದು, ಚಿಕ್ಕದರ ವೇಗವನ್ನಾದರೋ ಅದು ತಗ್ಗಿಸುತ್ತದೆ. ಹೀಗೆ ಹೆಚ್ಚು ಕಾಯಬೇಕಾದ ನೌಕೆಗೇ ಕಾಯುವ ಸಾಮಗ್ರಿ ಕಡಿಮೆ.

ಗಾತ್ರದ ಮಿತಿ

ಗಾತ್ರವನ್ನೇ ಅಭಯವೆಂದು ಭಾವಿಸಿದುದರ ಫಲವನ್ನು ಮುಂಬಯಿ ಕಂಡಿದೆ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಹಬೆಹಡಗು ಮಳೆಗಾಲದ ಕಡಲಿನಲ್ಲಿ ಮಗುಚಿ 600ಕ್ಕೂ ಹೆಚ್ಚು ಜನ ಮಡಿದರು. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ, ಮುಂಬಯಿಯ ಪಶ್ಚಿಮಕ್ಕಿರುವ ತೈಲಕ್ಷೇತ್ರದ ಬಳಿ ‘ಪಿ-305’ ಎಂಬ ಬಾರ್ಜು ಲಂಗರು ಕಿತ್ತು ಮುಳುಗಿ ಹಲವಾರು ಮಂದಿ ಪ್ರಾಣ ಕಳೆದುಕೊಂಡರು. ಅದು ಸಣ್ಣ ನೌಕೆಯಲ್ಲ. ಆದರೆ ಸ್ವಂತ ಯಂತ್ರವಿಲ್ಲದುದರಿಂದ ಸರಿದುಹೋಗುವ ಶಕ್ತಿ ಅದಕ್ಕಿರಲಿಲ್ಲ. ಗಾತ್ರಕ್ಕೆ ವೇಗವೂ ಸ್ವಾತಂತ್ರ್ಯವೂ ಕೂಡಿದಾಗ ಮಾತ್ರ ನಿರೀಕ್ಷೆಯನ್ನು ಕಡಿಮೆ ಮಾಡಬಹುದು.

ನಿರೀಕ್ಷೆಯ ವೆಚ್ಚ

ಕಾಯುವ ಪ್ರತಿ ದಿನಕ್ಕೂ ಬೆಲೆಯುಂಟು. ಹಡಗಿನ ಕಂಪನಿ ಅದನ್ನು ಸರಕಿನ ದರದಲ್ಲಿ ಸೇರಿಸುತ್ತದೆ; ಸಣ್ಣ ಬೋಟಿನ ಒಡೆಯನೂ ಅವನ ಆಳುಗಳೂ ತಮ್ಮ ಸಂಸಾರದ ಅನ್ನದಲ್ಲಿ ತೆರುತ್ತಾರೆ. ಆದುದರಿಂದಲೇ ನಿಷೇಧದ ತಿಂಗಳುಗಳಲ್ಲಿ ಮೀನುಗಾರನ ಉಳಿತಾಯಕ್ಕೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತಮ್ಮ ಪಾಲು ಸೇರಿಸಿ ಕೊಡುವ ಉಳಿತಾಯ-ಪರಿಹಾರ ಯೋಜನೆ ರೂಪುಗೊಂಡಿತು. ಬಂದರಿನ ಸ್ತಂಭದ ಮೇಲೆ ಅಪಾಯದ ಸಂಕೇತ ಏರಿದಾಗ ಹಸಿವಿನ ಒತ್ತಾಯದಿಂದ ಯಾರೂ ಲಂಗರು ಎತ್ತುವಂತಾಗಬಾರದು. ಚಿಕ್ಕ ನೌಕೆಯನ್ನು ಸುರಕ್ಷಿತವಾಗಿಸಲು ಅದರ ಒಡಲನ್ನು ಹಿಗ್ಗಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಅದರಲ್ಲಿ ದುಡಿಯುವವರು ಕಾಯಲು ಶಕ್ತರಾಗುವಂತೆ ಮಾಡುವುದು ಸಮಾಜಕ್ಕೆ ಸಾಧ್ಯವಿದೆ.