ಕಕ್ಕಯ್ಯನ ನಂಟಸ್ತಿಕೆ

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾಗುವವರೆಗೆ, ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನ ಹುಡುಗ ರಾಯಚೂರಿನಲ್ಲಿ ಬಿ.ಎ. ಓದಿದರೂ ಪದವಿ ಕೊಡುತ್ತಿದ್ದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ. ಆ ಹಳೆಯ ನಂಟಿನಿಂದಾಗಿ, 1989ರಲ್ಲಿ ಆ ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕ ಎಂ.ಎಂ. ಕಲಬುರ್ಗಿ ತಮ್ಮ ಬರಹವನ್ನು ಹಿಂತೆಗೆದುಕೊಳ್ಳಬೇಕಾಗಿ ಬಂದದ್ದು ಬರೀ ಧಾರವಾಡದ ಸುದ್ದಿಯಲ್ಲ. ಹನ್ನೆರಡನೆಯ ಶತಮಾನದ ಶರಣ ಚೆನ್ನಬಸವಣ್ಣ ಪ್ರಸಾದದಿಂದ ಹುಟ್ಟಿದವನೆಂಬುದು ಸಂಪ್ರದಾಯದ ನಂಬಿಕೆ. ತಮ್ಮ ಸಂಶೋಧನ ಬರಹಗಳ ಸಂಪುಟ ‘ಮಾರ್ಗ’ದ ಲೇಖನದಲ್ಲಿ ಕಲಬುರ್ಗಿ, ಅವನು ಬಸವಣ್ಣನ ಅಕ್ಕ ನಾಗಲಾಂಬಿಕೆ ಮತ್ತು ಶರಣ ಡೋಹರ ಕಕ್ಕಯ್ಯನ ಮಗನಿರಬಹುದೆಂದು ವಚನಗಳ ಸುಳಿವು ಹಿಡಿದು ಊಹಿಸಿದ್ದರು. ಡೋಹರರೆಂದರೆ ತೊಗಲು ಹದ ಮಾಡುವವರು. ಬೆದರಿಕೆ ಬಂತು, ಪೊಲೀಸ್ ಕಾವಲು ಬಂತು, ಕೊನೆಗೆ ಕ್ಷಮೆ ಕೇಳಿದ್ದೂ ಆಯಿತು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಅದು ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡರು.

ಸಿಟ್ಟು ಬಂದದ್ದು ಕುಲದ ಮಾತಿಗಲ್ಲ, ಒಬ್ಬ ತಾಯಿಯ ಮಾನದ ಮಾತಿಗೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಆ ಜಾಗದಲ್ಲಿ ಮೇಲುಕುಲದ ಶರಣನೊಬ್ಬನ ಹೆಸರಿದ್ದಿದ್ದರೆ ಇಷ್ಟೇ ಗದ್ದಲವಾಗುತ್ತಿತ್ತೇ? ನನಗೆ ಅನುಮಾನ. ಸ್ವತಃ ಬಸವಣ್ಣ ವಚನವೊಂದರಲ್ಲಿ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹೆತ್ತವರ ಸ್ಥಾನದಲ್ಲಿ ಕೂರಿಸಿದ್ದಾನೆ. ಹಾಡುವಾಗ ಒಪ್ಪುವ ಈ ನಂಟಸ್ತಿಕೆ, ರಕ್ತಸಂಬಂಧವೆಂದು ಯಾರಾದರೂ ಬರೆದ ಕೂಡಲೇ ಅವಮಾನವಾಗಿಬಿಡುತ್ತದೆ. ಮೂಲಪುರುಷರ ಕಾಲದ ದಾಖಲೆ ಇಂದಿನ ಸಂಸ್ಥೆಗಿಂತ ಉದಾರವಾಗಿರುವಲ್ಲೆಲ್ಲ ಸಂಶೋಧಕನಿಗೆ ಕುತ್ತು ತಪ್ಪಿದ್ದಲ್ಲ. ಅಮೆರಿಕದ ಮಾರ್ಮನ್ ಚರ್ಚನ್ನೇ ನೋಡಿ. ಆಫ್ರಿಕನ್ ಮೂಲದವರಿಗೆ ಪೌರೋಹಿತ್ಯವಿಲ್ಲವೆಂದು ಬ್ರಿಗಮ್ ಯಂಗ್ 1852ರಲ್ಲಿ ಸಾರಿದ. ಆದರೆ ಸ್ಥಾಪಕ ಜೋಸೆಫ್ ಸ್ಮಿತ್ ಬದುಕಿದ್ದಾಗಲೇ, 1836ರಲ್ಲಿ, ಕಪ್ಪುಜನಾಂಗದ ಎಲೈಜಾ ಏಬಲ್‌ಗೆ ಆ ದೀಕ್ಷೆ ಸಿಕ್ಕಿತ್ತು. 1947ರಲ್ಲಿ ಲೋರಿ ನೆಲ್ಸನ್ ಎಂಬ ಸಮಾಜಶಾಸ್ತ್ರಜ್ಞ ಈ ನಿಷೇಧವನ್ನು ಪ್ರಶ್ನಿಸಿದಾಗ ಚರ್ಚಿನ ಹಿರಿಯರು ಅದು ಸಿದ್ಧಾಂತವೇ ಎಂದುಬಿಟ್ಟರು. 1973ರಲ್ಲಿ ಲೆಸ್ಟರ್ ಬುಷ್ ಎಂಬ ಸಂಶೋಧಕ ನಿಷೇಧದ ಇತಿಹಾಸದ ದಾಖಲೆಗಳನ್ನೇ ಮುಂದಿಟ್ಟ. ನಿಷೇಧ ತೆರವಾದದ್ದು 1978ರಲ್ಲಿ.

ಕಲಬುರ್ಗಿಯವರ ಆಧಾರ ತೆಳು ಎಂಬ ಆಕ್ಷೇಪ ತಾಯಿಯ ಮಾನದ ವಾದಕ್ಕಿಂತ ಗಟ್ಟಿ. ಹನ್ನೆರಡನೆಯ ಶತಮಾನದ ವಚನಗಳು ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ನಂತರದವರ ಓಲೆಪ್ರತಿಗಳಲ್ಲಿ. ಅವುಗಳಿಂದ ಒಬ್ಬನ ತಂದೆ ಯಾರೆಂದು ತೀರ್ಮಾನಿಸುವುದು ದುಡುಕೇ. ಸರಿ, ಪಾಠಾಂತರ ತೋರಿಸಿ, ಕಾಲ ಗುರುತಿಸಿ ಆ ಊಹೆಯನ್ನು ಕೆಡವಬಹುದಿತ್ತು. ಸಂಶೋಧಕನಿಗೆ ಅಂಥ ಸೋಲು ಹೊಸದಲ್ಲ. ಬೆದರಿಸಿ ಹಿಂತೆಗೆಸಿದ ಮಾತು ಮಾತ್ರ ಸುಳ್ಳೆಂದು ಸಾಬೀತಾಗುವುದೂ ಇಲ್ಲ, ನಿಜವೆಂದು ನಿಲ್ಲುವುದೂ ಇಲ್ಲ. ಮುಂದೆ ಕಲಬುರ್ಗಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. 2006ರಲ್ಲಿ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚೆನ್ನಬಸವಣ್ಣನ ಹುಟ್ಟಿನ ಪ್ರಶ್ನೆ 1989ರಲ್ಲಿ ನಿಂತಲ್ಲೇ ನಿಂತಿದೆ.